ನನ್ನ ತಲೆಯೊಳಗಿನ ಗುಟ್ಟು

ಮಲೆನಾಡಿನ ಮಳೆಗಾಲ ಎಂದರೆ ಅಂಗಳದಲ್ಲಿ ಪಾಚಿ. ಜುಲೈ ಬರುವಷ್ಟರಲ್ಲಿ ನೆಲವೆಲ್ಲ ಹಸಿರಾಗಿ, ಎಣ್ಣೆ ಹೊಯ್ದ ಹಾಗೆ ಜಾರುತ್ತದೆ. ಓಡಾಡುವ ದಾರಿಗೆ ಅಡಿಕೆ ಸೋಗೆ ಹಾಸಿರುತ್ತೇವೆ. "ಸೋಗೆ ಬಿಟ್ಟು ಆಚೆ ಕಾಲಿಡಬೇಡಿ" ಎಂದು ಮನೆಯ ಮಕ್ಕಳಿಗೆಲ್ಲ ಹೇಳುವವಳು ನಾನೇ. ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ, ಬೇಲಿ ಬದಿಯ ದಾಸವಾಳ ಕೊಯ್ಯುವ ಆಸೆಗೆ ಸೋಗೆ ಬಿಟ್ಟು ಆಚೆ ಕಾಲಿಟ್ಟವಳೂ ನಾನೇ.

ಜಾರಿದ್ದೊಂದೇ ಗೊತ್ತು. ಹಿಂದಲೆ ತುಳಸಿಕಟ್ಟೆಯ ಅಂಚಿಗೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ. ಎದ್ದು ಕೂತು, ಸೀರೆ ಕೊಡವಿಕೊಂಡು, ಯಾರೂ ನೋಡಲಿಲ್ಲವಷ್ಟೇ ಎಂದು ಸುತ್ತ ನೋಡಿದೆ. ಆದರೆ ಮಧ್ಯಾಹ್ನ ಊಟವಾದ ಮೇಲೆ ವಾಂತಿಯಾಯಿತು. ಆಗ ಒಪ್ಪಿಕೊಳ್ಳಲೇಬೇಕಾಯಿತು.

ತೀರ್ಥಹಳ್ಳಿಯ ನಮ್ಮ ಡಾಕ್ಟರು ತಲೆ ಮುಟ್ಟಿ ನೋಡಿ, ಕಣ್ಣಿಗೆ ಟಾರ್ಚ್ ಬಿಟ್ಟು, "ಟೀಚರಮ್ಮ, 65 ದಾಟಿದವರಿಗೆ ತಲೆಗೆ ಪೆಟ್ಟು ಬಿದ್ದು ವಾಂತಿಯಾದರೆ ನಾವು ಅಂದಾಜಿನ ಮೇಲೆ ಬಿಡುವ ಹಾಗಿಲ್ಲ. ಶಿವಮೊಗ್ಗಕ್ಕೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿಬಿಡಿ" ಎಂದರು. ನನಗೆ ಆಗ 67. ಅಂದು ಸಂಜೆಯೇ ಮಗ ಕಾರಿನಲ್ಲಿ ಕರೆದುಕೊಂಡು ಹೋದ. ಮಲಗಿದ್ದೂ ಏಳಿಸಿದ್ದೂ ಐದು ನಿಮಿಷದಲ್ಲಿ ಮುಗಿಯಿತು. ಮಗ ಹೊರಗೆ ಹೋಗಿ ಡಾಕ್ಟರ ಹತ್ತಿರ ಮಾತಾಡಿಕೊಂಡು ಬಂದು, "ರಕ್ತ ಏನೂ ಸೋರಿಲ್ಲವಂತೆ ಅಮ್ಮ. ಮನೆಗೆ ಹೋಗೋಣ" ಎಂದ. ಲಕೋಟೆಯನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ.

ಮರುದಿನದಿಂದ ಮನೆಯ ಗಾಳಿಯೇ ಬೇರೆಯಾಯಿತು.

ನಾನು ಒಲೆಯ ಹತ್ತಿರ ಹೋದರೆ ಸೊಸೆ, "ಅತ್ತೆ, ನೀವು ಕೂತ್ಕೊಳಿ, ನಾನು ಮಾಡ್ತೀನಿ" ಎನ್ನುವಳು. ಮೊದಲೂ ಹಾಗೆನ್ನುತ್ತಿದ್ದಳು, ಆದರೆ ಈಗ ಕೈಯಿಂದ ಸೌಟು ತೆಗೆದುಕೊಂಡೇ ಬಿಡುವಳು. ನಲವತ್ತು ವರ್ಷಗಳಲ್ಲಿ ಒಂದು ದಿನವೂ ತಮ್ಮ ಕಾಫಿ ಲೋಟ ತಾವು ಎತ್ತಿಡದ ನಮ್ಮ ಯಜಮಾನರು ನನ್ನ ಲೋಟವನ್ನೂ ಸೇರಿಸಿ ತೊಳೆಯತೊಡಗಿದರು. ಮಗ ರಾತ್ರಿ ಊಟವಾದ ಮೇಲೆ ಜಗಲಿಯ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ಏನನ್ನೋ ಓದುತ್ತಿದ್ದ, ನಾನು ಹತ್ತಿರ ಹೋದ ಕೂಡಲೇ ಆರಿಸಿ ಜೇಬಿಗೆ ಹಾಕುತ್ತಿದ್ದ. ಬೆಂಗಳೂರಿನಿಂದ ಮಗಳು ದಿನಕ್ಕೆರಡು ಸಲ ಫೋನ್ ಮಾಡಿ, "ಊಟ ಮಾಡಿದ್ಯಾ? ತಲೆನೋವು ಇಲ್ವಲ್ಲ?" ಎಂದು ಕೇಳಿ, ಮಾತು ಮುಗಿಯುವ ಮೊದಲೇ ಗಂಟಲು ಕಟ್ಟಿಸಿಕೊಳ್ಳುತ್ತಿದ್ದಳು. ಬಿದ್ದದ್ದಕ್ಕೆ ಇಷ್ಟೊಂದು ಉಪಚಾರವೇ ಎಂದು ಮೊದಮೊದಲು ಖುಷಿಯಾಯಿತು. ಆಮೇಲೆ ಇರಿಸುಮುರಿಸಾಯಿತು.

ಎಲ್ಲರಿಗಿಂತ ಹೆಚ್ಚು ಬದಲಾದವಳು ಪುಟ್ಟಿ, ನನ್ನ ಮೊಮ್ಮಗಳು. ಐದನೇ ಕ್ಲಾಸು. ರಾತ್ರಿ ನನ್ನ ಪಕ್ಕವೇ ಮಲಗುವವಳು. ದಿನಕ್ಕೊಂದು ಕತೆ ಆಗಬೇಕು. ಅರ್ಧ ಕತೆಗೇ ನಿದ್ದೆ ಹೋಗುವುದು ಅವಳ ಅಭ್ಯಾಸ. ಈಗ ನಿದ್ದೆ ಹೋಗುವುದಿಲ್ಲ. ಒಂದು ಮುಗಿದ ಕೂಡಲೇ, "ಇನ್ನೊಂದು ಹೇಳು ಅಜ್ಜಿ. ನಿಂಗೆ ಒಟ್ಟು ಎಷ್ಟು ಕತೆ ಗೊತ್ತು?" ಎಂದು ಕೇಳುವಳು.

ಒಂದು ಭಾನುವಾರ ಹಾಸಿಗೆ ಬಿಸಿಲಿಗೆ ಹಾಕೋಣವೆಂದು ದಿಂಬು ಎತ್ತಿದರೆ ಕೆಳಗೊಂದು ನೋಟ್‌ಬುಕ್ಕು. ರಟ್ಟಿನ ಮೇಲೆ "ಅಜ್ಜಿ ಹೇಳಿದ ಕತೆಗಳು" ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಒಳಗೆ ಒಂದರಿಂದ ಹದಿನೇಳರವರೆಗೆ ಕತೆಗಳು. ಕಾಗಕ್ಕ ಗುಬ್ಬಕ್ಕ, ಹುಲಿಗೆ ಹೆದರದ ಮುದುಕಿ, ತುಂಗಾ ಹೊಳೆ ದಾಟಿದ ನಮ್ಮಜ್ಜನ ಎತ್ತು. ಎಲ್ಲವೂ ಅವಸರದ ಅಕ್ಷರದಲ್ಲಿ, ತಪ್ಪು ಕಾಗುಣಿತದಲ್ಲಿ. 34 ವರ್ಷ ಮೇಷ್ಟರಗಿರಿ ಮಾಡಿದ ಕೈ, ತಿದ್ದಲು ಪೆನ್ನು ಹುಡುಕಿತು. ಅಷ್ಟರಲ್ಲಿ ಪುಟ್ಟಿ ಬಾಗಿಲಲ್ಲಿ ನಿಂತಿದ್ದು ಕಂಡಿತು.

"ಯಾಕೆ ಪುಟ್ಟಿ, ಇದನ್ನೆಲ್ಲ ಬರ್ಕೊಳ್ತಿದೀಯ?"

ಅವಳು ಮಾತಾಡಲಿಲ್ಲ. ಕೆಳತುಟಿ ಮುಂದೆ ಬಂತು. "ನಿನ್ ತಲೆ ಒಳಗೆ ಏನೋ ಇದೆಯಂತೆ ಅಜ್ಜಿ. ಅಪ್ಪ ಅಮ್ಮ ಮಾತಾಡ್ತಿದ್ರು. ನೀನು... ಆಮೇಲೆ ಕತೆ ಹೇಳೋಕೆ..." ಎಂದವಳು ಮುಂದೆ ಹೇಳಲಾರದೆ ನನ್ನ ಸೆರಗಿನಲ್ಲಿ ಮುಖ ಹುದುಗಿಸಿದಳು.

ಹತ್ತು ವರ್ಷದ ಮಗು, ಹದಿನೇಳು ರಾತ್ರಿ, ಅಜ್ಜಿ ಸತ್ತುಹೋಗುವ ಮೊದಲು ಕತೆಗಳನ್ನಾದರೂ ಉಳಿಸಿಕೊಳ್ಳಬೇಕೆಂದು ಒಬ್ಬಳೇ ಬರೆಯುತ್ತಾ ಕೂತಿತ್ತು. ಯಾರನ್ನೂ ಕೇಳುವ ಹಾಗಿಲ್ಲ. ಕೇಳಿದರೆ ಕದ್ದು ಕೇಳಿಸಿಕೊಂಡದ್ದು ಗೊತ್ತಾಗುತ್ತದೆ. ನನ್ನ ತಲೆಯ ಸಂಗತಿ ನನ್ನನ್ನೊಬ್ಬಳನ್ನು ಬಿಟ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ಅದನ್ನು ಹೇಳಿದ್ದು ಆ ಮಗು.

ಅಂದು ಮಧ್ಯಾಹ್ನ ಮಗನನ್ನು ಕರೆದು, "ಲಕೋಟೆ ತಗೊಂಡು ಬಾ" ಎಂದೆ. ಅವನು ಏನೋ ಹೇಳಹೊರಟ. "ಅದು ನನ್ನ ತಲೆ. ನಾನೂ ನೋಡ್ತೀನಿ" ಎಂದೆ. ಪಾಪ, ಅವನದೂ ತಪ್ಪಲ್ಲ. ಅಮ್ಮ ಹೆದರಿಕೊಂಡಾಳು ಎಂಬ ಭಯ ಅವನಿಗೆ.

ವರದಿ ಇಂಗ್ಲಿಷಿನಲ್ಲಿತ್ತು. ಎಡಗಡೆ, ಕಿವಿಗಿಂತ ಸ್ವಲ್ಪ ಮುಂದೆ, ತಲೆಬುರುಡೆಯ ಒಳಗೆ, ಎರಡು ಸೆಂಟಿಮೀಟರಿನ ಒಂದು 'ಅರಕ್ನಾಯ್ಡ್ ಸಿಸ್ಟ್' ಇರುವಂತಿದೆ. ಇದು ಆಕಸ್ಮಿಕವಾಗಿ ಕಂಡದ್ದು. 'ಮಾಸ್ ಎಫೆಕ್ಟ್' ಇಲ್ಲ. ರೋಗಿಯನ್ನು ಪರೀಕ್ಷಿಸಿ ತಾಳೆ ನೋಡಿ, ಬೇಕಾದರೆ ಎಂಆರ್‌ಐ ಮಾಡಿಸಿ. ಇಷ್ಟೇ. ನನ್ನ ಮಗ 'ಮಾಸ್' ಎಂಬ ಮಾತನ್ನು ಗಡ್ಡೆ ಎಂದು ಓದಿಕೊಂಡಿದ್ದ. ಅದರ ಹಿಂದಿನ 'ಇಲ್ಲ' ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆಮೇಲೆ ಮೊಬೈಲಿನಲ್ಲಿ ಹುಡುಕಿದ್ದಾನೆ. ಮೊಬೈಲು ತಲೆಯೊಳಗೆ ಬರಬಹುದಾದ ಸಕಲ ಅನಾಹುತಗಳನ್ನೂ ಸಾಲಾಗಿ ತೋರಿಸಿದೆ. ತಜ್ಞರಿಗೆ ತೋರಿಸಿ ಎಂದು ಶಿವಮೊಗ್ಗದಲ್ಲಿ ಹೇಳಿದ್ದರೂ, ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆಗೆ ದಿನ ದೂಡುತ್ತಿದ್ದ.

ಮಾರನೆಯ ವಾರ ನರರೋಗ ತಜ್ಞರ ಹತ್ತಿರ ಹೋದೆವು. ನಾನು ಹಟ ಮಾಡಿ ಪುಟ್ಟಿಯನ್ನೂ ಕರೆದುಕೊಂಡು ಹೋದೆ. ಹೆದರಿಕೆಯಲ್ಲಿ ಪಾಲು ಕೊಟ್ಟ ಮೇಲೆ ಉತ್ತರದಲ್ಲೂ ಪಾಲು ಕೊಡಬೇಡವೇ?

ಡಾಕ್ಟರು ಮಗಳ ವಯಸ್ಸಿನ ಹೆಣ್ಣುಮಗಳು. ವರದಿ ನೋಡುವ ಮೊದಲು ನನ್ನನ್ನು ನೋಡಿದರು. ನಡೆಸಿದರು, ಕಣ್ಣು ಮುಚ್ಚಿ ನಿಲ್ಲಿಸಿದರು, ಎರಡೂ ಕೈಯಲ್ಲಿ ಅವರ ಬೆರಳು ಹಿಸುಕಿಸಿದರು, ನಕ್ಕು ತೋರಿಸಿ ಎಂದರು. ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿತ್ತೇ, ಬಹಳ ದಿನದ ತಲೆನೋವಿದೆಯೇ, ದೃಷ್ಟಿ ಮಂಜಾಗುತ್ತದೆಯೇ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದೆಲ್ಲ ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆ. ಆಮೇಲೆ ಪರದೆಯ ಮೇಲೆ ಚಿತ್ರ ಹಾಕಿ ಪುಟ್ಟಿಯನ್ನೇ ಹತ್ತಿರ ಕರೆದರು.

"ನೋಡು ಪುಟ್ಟಾ, ಈ ಬಿಳಿ ಉಂಗುರ ಅಜ್ಜಿಯ ಬುರುಡೆ. ಒಳಗಿರೋದು ಮಿದುಳು. ಬುರುಡೆಗೂ ಮಿದುಳಿಗೂ ನಡುವೆ ಮೂರು ಪೊರೆ ಇವೆ. ಹೊರಗಿನದು ಗಟ್ಟಿ. ಅದರ ಲ್ಯಾಟಿನ್ ಹೆಸರಿನ ಅರ್ಥ 'ಗಟ್ಟಿ ತಾಯಿ'. ಮಿದುಳಿಗೆ ಅಂಟಿಕೊಂಡಿರೋದು ತುಂಬಾ ತೆಳು. ಅದರ ಹೆಸರು 'ಮೃದು ತಾಯಿ'. ನಡುವೆ ಇರೋದು ಜೇಡರ ಬಲೆ ಥರ ಇರತ್ತೆ. ಗ್ರೀಕ್ ಭಾಷೇಲಿ ಜೇಡಕ್ಕೆ ಅರಾಕ್ನೆ ಅಂತಾರೆ. ಅದಕ್ಕೇ ಈ ಪೊರೆಗೆ ಅರಕ್ನಾಯ್ಡ್ ಅಂತ ಹೆಸರು."

"ಹಾಗಾದ್ರೆ ಅಜ್ಜಿ ತಲೇಲಿ ಜೇಡ ಇಲ್ವಾ?" ಎಂದಳು ಪುಟ್ಟಿ. ಪಾಪ, ಇಷ್ಟು ದಿನ ಅದೂ ಒಂದು ಅನುಮಾನವಿತ್ತೋ ಏನೋ.

"ಇಲ್ಲ ಪುಟ್ಟಾ. ನೀನು ಪೂರಿ ತಿಂತೀಯಲ್ವಾ? ಎಣ್ಣೇಲಿ ಉಬ್ಬಿದಾಗ ಒಂದೇ ಪೂರಿ ಎರಡು ಪದರ ಆಗತ್ತೆ, ನಡುವೆ ಗಾಳಿ. ಅಜ್ಜಿ ಅವರಮ್ಮನ ಹೊಟ್ಟೇಲಿದ್ದಾಗ ಈ ಜೇಡರಬಲೆ ಪೊರೆ ಒಂದು ಕಡೆ ಹಾಗೇ ಎರಡು ಪದರ ಆಗಿದೆ. ಒಳಗೆ ಗಾಳಿ ಅಲ್ಲ, ನೀರು. ನಮ್ಮೆಲ್ಲರ ಮಿದುಳಿನ ಸುತ್ತ ಇರೋ ಅದೇ ತಿಳಿ ನೀರು."

ಆ ನೀರಿನ ಕತೆಯನ್ನೂ ಅವರೇ ಹೇಳಿದರು. ದೊಡ್ಡವರ ಮಿದುಳು ಸುಮಾರು 1,400 ಗ್ರಾಂ ತೂಗುತ್ತದೆ. ನೀರಿನಲ್ಲಿ ತೇಲುವುದರಿಂದ ಅದರ ಭಾರ ಬುರುಡೆಯ ಒಳಗೆ 50 ಗ್ರಾಮಿನಷ್ಟು ಮಾತ್ರ. ಬಾವಿಯಲ್ಲಿ ಮುಳುಗಿದ ಕೊಡ ಹಗುರವಾಗಿದ್ದು, ನೀರಿನಿಂದ ಮೇಲೆ ಬಂದ ಕೂಡಲೇ ಕೈ ಜಗ್ಗುವುದಿಲ್ಲವೇ, ಹಾಗೆ. ಮಿದುಳು, ಬೆನ್ನುಹುರಿ ಎರಡರ ಸುತ್ತ ಸೇರಿ ಆ ದ್ರವ ಯಾವಾಗಲೂ ಇರುವುದು ಸುಮಾರು 150 ಮಿಲಿಲೀಟರ್, ಒಂದು ಸಣ್ಣ ಲೋಟದಷ್ಟು. ಆದರೆ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ಹುಟ್ಟಿ, ಹಳೆಯದು ರಕ್ತಕ್ಕೆ ಸೇರಿಹೋಗುತ್ತದೆ.

"ಅಂದರೆ ಇದು ನಾನು ಬಿದ್ದದ್ದರಿಂದ ಆದದ್ದಲ್ಲವೇ?" ಎಂದು ಕೇಳಿದೆ.

"ಅಲ್ಲಮ್ಮ. ಇದು ನಿಮಗಿಂತ ಹಳೆಯದು ಅಂದರೂ ಸರಿ. ನೀವು ಬಿದ್ದದ್ದರಿಂದ ನಮಗೆ ಕಾಣಿಸಿತು, ಅಷ್ಟೇ. ನೂರು ಜನರ ತಲೆ ನೋಡಿದರೆ ಒಬ್ಬಿಬ್ಬರಲ್ಲಿ ಹೀಗೆ ಇರತ್ತೆ. ಹೆಚ್ಚಿನವರಿಗೆ ಸಾಯುವವರೆಗೂ ಗೊತ್ತೇ ಆಗಲ್ಲ."

ನಮ್ಮ ಯಜಮಾನರು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. "ಎಡಗಡೆ ಅಂದರೆ ಮಾತಿನ ಜಾಗ ಅಂತ ಕೇಳಿದ್ದೆ ಡಾಕ್ಟ್ರೇ" ಎಂದರು.

"ಹೌದು, ಬಹಳ ಜನರಲ್ಲಿ ಮಾತಿನ ಕೆಲಸ ಎಡಭಾಗದ್ದೇ. ಆದರೆ ಹುಟ್ಟಿನಿಂದ ಇರೋದಕ್ಕೆ ಮಿದುಳು ಹೊಂದಿಕೊಂಡು ಬೆಳೆದಿರತ್ತೆ."

"ಅದೇ ಹೇಳಿದೆ. ಮಾತಿಗೇನೂ ಕಮ್ಮಿಯಾಗಿಲ್ಲ" ಎಂದರು ಯಜಮಾನರು. ಹದಿನೈದು ಇಪ್ಪತ್ತು ದಿನಗಳ ಮೇಲೆ ನಮ್ಮ ಮನೆಯವರೆಲ್ಲ ಒಟ್ಟಿಗೆ ನಕ್ಕದ್ದು ಆಗ.

ಆದರೂ ಖಚಿತ ಮಾಡಿಕೊಳ್ಳಲು ಒಂದು ಎಂಆರ್‌ಐ ಆಗಲಿ ಎಂದರು. ಸಿಟಿ ಎಂದರೆ ಎಕ್ಸ್-ರೇ ಕಿರಣಗಳಿಂದ ತಲೆಯನ್ನು ಹಲಸಿನ ಹಣ್ಣು ಹೋಳು ಮಾಡಿದ ಹಾಗೆ ಪದರ ಪದರವಾಗಿ ನೋಡುವುದು. ಎಂಆರ್‌ಐನಲ್ಲಿ ಎಕ್ಸ್-ರೇ ಇಲ್ಲ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೊ ಅಲೆಗಳ ಸಹಾಯದಿಂದ ನಮ್ಮ ಮೈಯ ನೀರಿನಲ್ಲಿರುವ ಜಲಜನಕದ ಸೂಚನೆ ಹಿಡಿದು ಚಿತ್ರ ಬರೆಯುತ್ತದೆ. ಸಾಮಾನ್ಯವಾಗಿ ಬಳಸುವ ಯಂತ್ರದ ಅಯಸ್ಕಾಂತವೇ ಭೂಮಿಯ ಕಾಂತಶಕ್ತಿಗಿಂತ ಸುಮಾರು 30,000 ಪಟ್ಟು ಬಲವಾದದ್ದಂತೆ. ಅದಕ್ಕೇ ಬಳೆ, ಓಲೆ, ಕರಿಮಣಿ, ಹೇರ್‌ಪಿನ್ನು ಎಲ್ಲ ಬಿಚ್ಚಿಸಿದರು. ಮೈಯೊಳಗೆ ಪೇಸ್‌ಮೇಕರ್ ಅಥವಾ ಲೋಹದ ತುಂಡು ಇದೆಯೇ ಎಂದು ಎರಡೆರಡು ಸಲ ಕೇಳಿದರು. ಒಳಗೆ ಮಲಗಿದರೆ ಟಕಟಕ, ಢಬಢಬ ಎಂದು ಸದ್ದು. ಅಲ್ಲಿನ ತಂತಿ ಸುರುಳಿಗಳಲ್ಲಿ ವಿದ್ಯುತ್ತು ಬೇಗಬೇಗ ಬದಲಾಗುವಾಗ ಅವು ನಡುಗಿ ಆಗುವ ಸದ್ದು ಅದು ಎಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಕಣ್ಣು ಮುಚ್ಚಿ, ಹಿಂದೆ ಶಾಲೆಯಲ್ಲಿ ಕರೆಯುತ್ತಿದ್ದ ಹಾಜರಿ ಪುಸ್ತಕದ ಹೆಸರುಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಎಲ್ಲ ಇದ್ದವು. ಯಾವುದೂ ನೀರಿನಲ್ಲಿ ಕೊಚ್ಚಿಹೋಗಿರಲಿಲ್ಲ.

ಎಂಆರ್‌ಐ ಕೂಡ ಅದನ್ನೇ ಹೇಳಿತು. ಚೀಲದ ಒಳಗಿನ ದ್ರವ ಮಿದುಳಿನ ಸುತ್ತಲಿನ ದ್ರವದ ಹಾಗೆಯೇ ಇದೆ, ಸಣ್ಣ ಗೋಟಡಿಕೆಯಷ್ಟು ಗಾತ್ರ, ಯಾವುದನ್ನೂ ಒತ್ತುತ್ತಿಲ್ಲ.

"ಅದು ದೊಡ್ಡದಾಗತ್ತಾ ಡಾಕ್ಟರ್ ಆಂಟಿ?" ಎಂದಳು ಪುಟ್ಟಿ.

"ದೊಡ್ಡವರಲ್ಲಿ ಹೆಚ್ಚಾಗಿ ಇದ್ದಷ್ಟೇ ಇರತ್ತೆ. ಆಪರೇಷನ್ ಬೇಡ, ಮಾತ್ರೆ ಬೇಡ. ಅಜ್ಜಿ ಒಲೆ ಹಚ್ಚಲಿ, ತೋಟಕ್ಕೆ ಹೋಗಲಿ. ಆದರೆ ಅಂಗಳದಲ್ಲಿ ಜಾರಬಾರದು."

ಕೊನೆಯ ಮಾತನ್ನು ಅವರು ನಗುತ್ತ ಹೇಳಿದರೂ, ಅದರ ಹಿಂದೆ ಕಾರಣವಿತ್ತು. ಇಂಥ ಚೀಲ ಇರುವವರಿಗೆ ತಲೆಗೆ ಪೆಟ್ಟು ಬಿದ್ದರೆ ಅಪರೂಪಕ್ಕೆ ಅದರ ಸುತ್ತ ರಕ್ತ ಸೋರುವುದುಂಟು. ಚೀಲ ಇಲ್ಲದಿದ್ದರೂ ವಯಸ್ಸಾದವರಲ್ಲಿ ಬಿದ್ದು ಎರಡು ಮೂರು ವಾರ ಕಳೆದ ಮೇಲೆ ಕೂಡ ನಿಧಾನವಾಗಿ ರಕ್ತ ಕೂಡಿಕೊಳ್ಳಬಹುದು. ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು, ಮತ್ತೆ ಮತ್ತೆ ವಾಂತಿ, ಅತಿಯಾದ ಮಂಪರು, ಮಾತು ತೊದಲುವುದು, ಒಂದು ಕೈಕಾಲಿನಲ್ಲಿ ಬಲ ಕಮ್ಮಿಯಾಗುವುದು, ಫಿಟ್ಸ್, ಗೊಂದಲದ ಮಾತು – ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಬರಬೇಕು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಸಂಗತಿ ಹೇಳಬೇಕು, ಚಿತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಇಷ್ಟನ್ನು ಸೊಸೆ ಕ್ಯಾಲೆಂಡರಿನ ಹಿಂಬದಿ ಬರೆದು ಅಡಿಗೆಮನೆಯಲ್ಲಿ ತೂಗುಹಾಕಿದ್ದಾಳೆ.

ಮಗನಿಗೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮಿನಲ್ಲಿ 2,000 ಜನರ ಮಿದುಳನ್ನು ಎಂಆರ್‌ಐ ಮಾಡಿ ನೋಡಿ, 2007ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರಂತೆ. ಅವರೆಲ್ಲ ಊರಿನ ಸಾಮಾನ್ಯ ಜನ, ಸರಾಸರಿ ವಯಸ್ಸು 63. ನೂರಕ್ಕೆ 7 ಜನರಲ್ಲಿ, ಅವರಿಗೇ ಗೊತ್ತಿಲ್ಲದೆ ಎಂದೋ ರಕ್ತ ಹರಿಯದೆ ಹಾನಿಯಾದ ಗುರುತು ಇತ್ತು. ನೂರಕ್ಕೆ ಸುಮಾರು ಇಬ್ಬರಲ್ಲಿ ರಕ್ತನಾಳ ಒಂದು ಕಡೆ ಉಬ್ಬಿತ್ತು. ಹೆಚ್ಚುಕಡಿಮೆ ಅಷ್ಟೇ ಜನರಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆ ಇತ್ತು. "ಎಲ್ಲವೂ ಒಂದೇ ಅಲ್ಲ. ಕೆಲವನ್ನು ಸುಮ್ಮನೆ ಬಿಡಬಹುದು, ಕೆಲವಕ್ಕೆ ಬಿಪಿ, ಶುಗರ್ ಹಿಡಿತದಲ್ಲಿಡಬೇಕು, ಕೆಲವನ್ನು ಆಗಾಗ ನೋಡುತ್ತಿರಬೇಕು, ಕೆಲವಕ್ಕೆ ಚಿಕಿತ್ಸೆ ಬೇಕು. ಯಾವುದು ಯಾವುದು ಅಂತ ಹೇಳೋದಕ್ಕೇ ನಾವಿರೋದು. ವರದಿ ಅಂದರೆ ತೀರ್ಪಲ್ಲ, ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ಬರೆದ ಕಾಗದ. ಮನೇಲಿ ಒಡೆದು ಓದಿ ಹೆದರೋದೂ ಬೇಡ, ಕಪಾಟಿನಲ್ಲಿಟ್ಟು ಮರೆಯೋದೂ ಬೇಡ" ಎಂದರು. ಮಗ ತಲೆತಗ್ಗಿಸಿ ಕೇಳಿಸಿಕೊಂಡ.

ಮನೆಗೆ ಬರುವ ದಾರಿಯಲ್ಲಿ ನನಗೊಂದು ಯೋಚನೆ ಬಂತು. ಮನುಷ್ಯರ ಮಿದುಳಿನ ಮೊದಲ ಸಿಟಿ ಸ್ಕ್ಯಾನ್ ಆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ. ಆ ಯಂತ್ರ ಮಾಡಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರು ಗ್ರಾಮಫೋನ್ ರೆಕಾರ್ಡುಗಳಿಗೆ ಹೆಸರಾದ ಇಎಂಐ ಕಂಪನಿಯ ಇಂಜಿನಿಯರು. 1979ರಲ್ಲಿ ಅಲನ್ ಕಾರ್ಮಾಕ್ ಜೊತೆ ಅವರಿಗೆ ನೊಬೆಲ್ ಬಂತು. 1971ರಲ್ಲಿ ನಾನು ಲಂಗ ಹಾಕಿಕೊಂಡು ಗದ್ದೆಯ ಅಂಚಿನ ಮೇಲೆ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆ. ಆಗಲೂ ಈ ಚೀಲ ನನ್ನ ಜೊತೆಗೇ ನಡೆಯುತ್ತಿತ್ತು. ನನ್ನ ಮದುವೆಯಲ್ಲಿ, ಬಾಣಂತನದಲ್ಲಿ, ಮಗ್ಗಿ ಹೇಳಿಸುವಾಗ, ಎಲ್ಲ ಕಾಲಕ್ಕೂ ಇತ್ತು. ನಮ್ಮಮ್ಮನ ತಲೆಯಲ್ಲಿ, ಅಜ್ಜಿಯ ತಲೆಯಲ್ಲಿ ಏನೇನಿತ್ತೋ, ನೋಡಿದವರಿಲ್ಲ. 67 ವರ್ಷ ನನ್ನನ್ನು ಏನೂ ಮಾಡದ ಆ ನೀರಿನ ಚೀಲಕ್ಕಿಂತ, ಎರಡೂವರೆ ವಾರ ಮನೆಯಲ್ಲಿ ಯಾರೂ ಬಾಯಿ ಬಿಡದೆ ಇದ್ದದ್ದೇ ನಮಗೆ ಹೆಚ್ಚು ತೊಂದರೆ ಕೊಟ್ಟಿತು.

ದಸರಾ ರಜೆಯಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋದಾಗ ಪುಟ್ಟಿ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯ ನೋಡಲೇಬೇಕೆಂದಳು. ಅಲ್ಲಿ ನಿಜವಾದ ಮನುಷ್ಯರ ಮಿದುಳುಗಳನ್ನು ಕಾಪಿಟ್ಟು ತೋರಿಸುತ್ತಾರೆ. ಪುಟ್ಟಿ ಹೆದರಬಹುದು ಎಂದುಕೊಂಡಿದ್ದೆ. ಅವಳು ಮೂಗು ಗಾಜಿಗೆ ಒತ್ತಿಕೊಂಡು, "ಅಜ್ಜಿ, ಗಟ್ಟಿ ತಾಯಿ ಎಲ್ಲಿ, ಮೃದು ತಾಯಿ ಎಲ್ಲಿ?" ಎಂದು ಹುಡುಕುತ್ತಿದ್ದಳು. ಗೊತ್ತಾದ ಮೇಲೆ ಭಯಕ್ಕೆ ಕೂರಲು ಜಾಗವಿಲ್ಲ.

ನನ್ನ ವಾರಗೆಯವರಿಗೆ ಒಂದು ಮಾತು. ನಮ್ಮ ಮೈಯ ಸಂಗತಿಯನ್ನು ನಮ್ಮಿಂದ ಮುಚ್ಚಿಡಲು ಬಿಡಬೇಡಿ. ಕೇಳಿ ತಿಳಿದುಕೊಳ್ಳಿ, ಡಾಕ್ಟರ ಮುಂದೆ ಕೂತು. ಮೊಮ್ಮಕ್ಕಳಿಂದಲೂ ಮುಚ್ಚಿಡಬೇಡಿ. ಅವರಿಗೆ ಅರ್ಧ ಕೇಳಿಸಿಯೇ ಇರುತ್ತದೆ, ಉಳಿದರ್ಧವನ್ನು ಅವರು ಕತ್ತಲಲ್ಲಿ ಊಹಿಸಿಕೊಳ್ಳುತ್ತಾರೆ. ಮಕ್ಕಳಿಗೂ ಒಂದು ಮಾತು. ದೊಡ್ಡವರು ಪಿಸುಗುಟ್ಟಿದ್ದು ಕಿವಿಗೆ ಬಿದ್ದು ಹೆದರಿಕೆಯಾದರೆ, ಒಳಗಿಟ್ಟುಕೊಳ್ಳಬೇಡಿ. ಹೋಗಿ ಕೇಳಿ. ಕದ್ದು ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ. ಬೈದರೆ ಅಜ್ಜಿಗೆ ಹೇಳಿ.

ಪುಟ್ಟಿಯ ನೋಟ್‌ಬುಕ್ಕು ಈಗಲೂ ಇದೆ. ಕಾಗುಣಿತ ತಿದ್ದಿಕೊಟ್ಟಿದ್ದೇನೆ. ಇಪ್ಪತ್ತಮೂರನೆಯ ಕತೆ ಅರ್ಧಕ್ಕೆ ನಿಂತು ತಿಂಗಳಾಯಿತು. ನಿನ್ನೆ ರಾತ್ರಿ ನಾನೇ, "ಪುಟ್ಟಿ, ಅದನ್ನ ಮುಗಿಸೋಣವಾ?" ಎಂದೆ. ಅವಳು ಆಕಳಿಸಿ, ಮಗ್ಗುಲು ತಿರುಗಿ, "ನಾಳೆ ಹೇಳು ಅಜ್ಜಿ, ಏನವಸರ?" ಎಂದವಳು ಎರಡೇ ನಿಮಿಷಕ್ಕೆ ನಿದ್ದೆ ಹೋದಳು.